ನೀರಿನ ದಾರಿಯೂ ಎಂಜಿನಿಯರನ ನಕ್ಷೆಯೂ
ದೂರಸಂವೇದನೆ ಮತ್ತು ಭೌಗೋಳಿಕ ಮಾಹಿತಿ ವ್ಯವಸ್ಥೆಗಳ ಒಂದು ಪರಿಚಯ

ನಮ್ಮ ನಾಡಿನ ಯಾವ ಹಳ್ಳಿಗೆ ಹೋದರೂ ಊರ ಕೆರೆಯ ಕೋಡಿ ಎಲ್ಲಿದೆ, ಕೋಡಿ ಬಿದ್ದಾಗ ನೀರು ಯಾವ ಹಳ್ಳ ಹಿಡಿದು ಯಾರ ಗದ್ದೆಯ ಮೇಲೆ ಹಾಯುತ್ತದೆ, ಯಾವ ತಗ್ಗಿನಲ್ಲಿ ಮನೆ ಕಟ್ಟಬಾರದು ಎಂಬುದನ್ನು ಹಿರಿಯರು ಬಾಯಿಮಾತಿನಲ್ಲಿಯೇ ಹೇಳಬಲ್ಲರು. ಉದ್ಯೋಗವನ್ನರಸಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಬಂದು ನೆಲೆಸಿದ ನಮಗೆ ಇಲ್ಲಿಯ ನೆಲದ ವಿಷಯದಲ್ಲಿ ಆ ಬಗೆಯ ತಿಳಿವಳಿಕೆ ದೊರೆಯುವುದಿಲ್ಲ. ಜೀವಮಾನದ ಉಳಿತಾಯವನ್ನು ಸುರಿದು ಕೊಳ್ಳುವ ಫ್ಲ್ಯಾಟಿನ ಅಡಿಯಲ್ಲಿ ಐವತ್ತು ವರ್ಷಗಳ ಹಿಂದೆ ಗದ್ದೆಯಿತ್ತೋ, ಉಪ್ಪಿನಾಗರವಿತ್ತೋ, ಕೆರೆಯ ಅಂಗಳವಿತ್ತೋ ಎಂಬುದನ್ನು ಮಾರುವವರು ಹೇಳರು, ಕೊಳ್ಳುವವರು ಕೇಳರು. ಮಳೆಗಾಲದ ಒಂದು ರಾತ್ರಿ ನೀರು ಮಾತ್ರ ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬರುತ್ತದೆ.

ಆ ದಾರಿಯನ್ನು ಮುಂಚಿತವಾಗಿ ಅರಿಯಲು ಇಂದಿನ ಸಿವಿಲ್ ಎಂಜಿನಿಯರನಿಗೆ ಎರಡು ಸಾಧನಗಳು ಒದಗಿವೆ. ಮೊದಲನೆಯದು ದೂರಸಂವೇದನೆ, ಎಂದರೆ ವಸ್ತುವನ್ನು ಮುಟ್ಟದೆ, ಅದರಿಂದ ಹೊರಟುಬರುವ ಬೆಳಕನ್ನೋ ಶಾಖವನ್ನೋ ರೇಡಿಯೋ ಅಲೆಯನ್ನೋ ವಿಮಾನ ಇಲ್ಲವೆ ಉಪಗ್ರಹದಲ್ಲಿ ಗ್ರಹಿಸಿ, ವಸ್ತುವಿನ ಗುಣವನ್ನು ಅರಿಯುವ ವಿದ್ಯೆ. ಎರಡನೆಯದು ಭೌಗೋಳಿಕ ಮಾಹಿತಿ ವ್ಯವಸ್ಥೆ, ಸಂಕ್ಷೇಪವಾಗಿ ಜಿ.ಐ.ಎಸ್.; ಇದು ನಾನಾ ಮೂಲಗಳಿಂದ ಬಂದ ನಕ್ಷೆಗಳನ್ನೂ ಅಂಕಿಗಳನ್ನೂ ಗಣಕಯಂತ್ರದಲ್ಲಿ ಒಂದರ ಮೇಲೊಂದು ಹಾಸಿ, ಅವುಗಳಿಗೆ ಪ್ರಶ್ನೆ ಹಾಕಿ ಉತ್ತರ ಪಡೆಯುವ ಕ್ರಮ. ಹೆದ್ದಾರಿ, ಸುರಂಗ, ಸೇತುವೆ, ಅಣೆಕಟ್ಟು, ವಿದ್ಯುತ್ ಮಾರ್ಗ ಮೊದಲಾದ ಎಲ್ಲ ಕಾಮಗಾರಿಗಳಲ್ಲಿಯೂ ಇವೆರಡರ ಬಳಕೆಯುಂಟು. ಎಲ್ಲವನ್ನೂ ಹೇಳಹೊರಟರೆ ಸಂಚಿಕೆಯ ಪುಟಗಳು ಸಾಲವು. ಆದುದರಿಂದ ನೀರಿಗೆ ಸಂಬಂಧಿಸಿದ ಭಾಗವನ್ನಷ್ಟೇ ಇಲ್ಲಿ ಆಯ್ದುಕೊಂಡಿದ್ದೇನೆ. ನಗರವಾಸಿಗಳಾದ ನಮ್ಮ ಮನೆಬಾಗಿಲಿಗೆ ಬರುವ ಭಾಗವೂ ಅದೇ.

ಸರಪಳಿಯಿಂದ ಉಪಗ್ರಹಕ್ಕೆ

ನೆಲವನ್ನು ಅಳೆಯುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಉಕ್ಕಿನ ಸರಪಳಿಯಿಂದ ಆಧಾರರೇಖೆಯನ್ನು ಅಳೆದು ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ಆರಂಭಿಸಿದನು. ನಾವು ಇಂದಿಗೂ ಆಶ್ರಯಿಸುವ ಸರ್ವೇ ಆಫ್ ಇಂಡಿಯಾದ ಟೋಪೋ ಷೀಟುಗಳ ಹಿಂದೆ ಅಂಥ ತಲೆಮಾರುಗಳ ಕಾಲ್ನಡಿಗೆಯಿದೆ.

ಆಕಾಶದಿಂದ ನೋಡುವ ಪ್ರಯತ್ನ ನಮ್ಮಲ್ಲಿ ಆರಂಭವಾದದ್ದು ಒಂದು ರೋಗಪರೀಕ್ಷೆಯಿಂದ ಎಂಬುದು ಆರೋಗ್ಯ ಲೇಖನಗಳನ್ನು ಓದುವ ಈ ಸಂಚಿಕೆಯ ವಾಚಕರಿಗೆ ಸ್ವಾರಸ್ಯಕರವಾಗಿ ಕಾಣಬಹುದು. 1970ರ ಸುಮಾರಿನಲ್ಲಿ ಪಿ. ಆರ್. ಪಿಶಾರೋಟಿಯವರ ಮುಂದಾಳುತನದಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರಗಳನ್ನು ತೆಗೆಯಲಾಯಿತು. ಬೇರುಸೊರಗು ರೋಗ ತಗುಲಿದ ಮರಗಳು ಆ ಚಿತ್ರಗಳಲ್ಲಿ ಆರೋಗ್ಯವಂತ ಮರಗಳಿಗಿಂತ ಬೇರೆಯಾಗಿ ಕಂಡವು. ಮುಂದೆ 1979ರ ಜೂನ್ 7ರಂದು ಬೆಂಗಳೂರಿನಲ್ಲಿ ಸಿದ್ಧವಾದ ಭಾಸ್ಕರ ಉಪಗ್ರಹ ಸೋವಿಯತ್ ನೆಲದಿಂದ ಮೇಲೇರಿತು. ಅದರ ಕ್ಯಾಮೆರಾಗಳಿಗೆ ಒಂದು ಕಿಲೋಮೀಟರಿಗಿಂತ ಚಿಕ್ಕದೇನೂ ಬಿಡಿಯಾಗಿ ತೋರುತ್ತಿರಲಿಲ್ಲ. 1988ರ ಮಾರ್ಚ್ 17ರಂದು ಹಾರಿದ ಐ.ಆರ್.ಎಸ್.-1ಎ ಉಪಗ್ರಹದ ಹೆಚ್ಚು ಸೂಕ್ಷ್ಮವಾದ ಕ್ಯಾಮೆರಾ ಸುಮಾರು 36 ಮೀಟರ್ ಚದರದ ತುಂಡನ್ನು ಗುರುತಿಸುತ್ತಿತ್ತು. ಉಡುಪಿಯ ಸಮೀಪದ ಅದಮಾರಿನಲ್ಲಿ ಜನಿಸಿದ ಯು. ಆರ್. ರಾಯರು ಆಗ ಇಸ್ರೋದ ಅಧ್ಯಕ್ಷರಾಗಿದ್ದರು. 2005ರ ಕಾರ್ಟೋಸ್ಯಾಟ್-1 ಎರಡು ಕ್ಯಾಮೆರಾಗಳಿಂದ ಒಂದೇ ನೆಲವನ್ನು ಎರಡು ಕೋನಗಳಲ್ಲಿ ನೋಡಿ ಎತ್ತರವನ್ನೂ ಅಳೆಯಬಲ್ಲದಾಯಿತು. ನಮ್ಮ ಎರಡು ಕಣ್ಣುಗಳು ದೂರವನ್ನು ಅಂದಾಜು ಮಾಡುವ ರೀತಿಯೇ ಇದು. 2019ರ ಕಾರ್ಟೋಸ್ಯಾಟ್-3ರ ದೃಷ್ಟಿಯಂತೂ ಕಾಲು ಮೀಟರಿನ ಆಸುಪಾಸಿಗೆ ಇಳಿದಿದೆ.

ನೀರು ಕಪ್ಪಾಗಿ ಕಾಣುವ ಬಗೆ

ಸೂರ್ಯನ ಬೆಳಕು ನೆಲಕ್ಕೆ ಬಿದ್ದಾಗ ಪ್ರತಿಯೊಂದು ವಸ್ತುವೂ ಅದರಲ್ಲಿ ಒಂದಂಶವನ್ನು ಹೀರಿ, ಉಳಿದುದನ್ನು ಹಿಂದಿರುಗಿಸುತ್ತದೆ. ಹಸುರೆಲೆ ನಮ್ಮ ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಕಿರಣಗಳನ್ನು ಹೇರಳವಾಗಿ ಹಿಂದಿರುಗಿಸುತ್ತದೆ. ನೀರು ಅದೇ ಕಿರಣಗಳನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಹೀಗಾಗಿ ಅವಕೆಂಪು ಚಿತ್ರದಲ್ಲಿ ಗದ್ದೆ ಬೆಳಗಿ ಕಂಡರೆ ಪಕ್ಕದ ಕೆರೆ ಮಸಿ ಬಳಿದಂತೆ ಕಪ್ಪಾಗಿ ಕಾಣುತ್ತದೆ. ಎಲ್ಲಿ ನೀರಿದೆ, ಅದರ ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಬರಿಗಣ್ಣಿನ ಚಿತ್ರಕ್ಕಿಂತ ಇಲ್ಲಿ ಸ್ಪಷ್ಟ.

ಆದರೆ ನೆರೆ ಬರುವ ದಿನ ಆಕಾಶದಲ್ಲಿ ಮೋಡವಿರುತ್ತದೆ. ಮೋಡದ ಮೇಲಿರುವ ಕ್ಯಾಮೆರಾಕ್ಕೆ ಮೋಡದ ಬೆನ್ನು ಮಾತ್ರ ಕಾಣುತ್ತದೆ. ಈ ಕೊರತೆಯನ್ನು ತುಂಬುವುದು ರೇಡಾರ್ ಉಪಗ್ರಹ. ಅದು ತಾನೇ ರೇಡಿಯೋ ಅಲೆಯನ್ನು ಕಳುಹಿಸಿ ಅದರ ಮರುದನಿಯನ್ನು ಕೇಳುತ್ತದೆ. ಮೋಡವೂ ಇರುಳೂ ಅದಕ್ಕೆ ಅಡ್ಡಿಯಲ್ಲ. ನಿಂತ ನೀರು ಕನ್ನಡಿಯಂತೆ ಅಲೆಯನ್ನು ಆಚೆಗೆ ಜಾರಿಸಿಬಿಡುವುದರಿಂದ ರೇಡಾರ್ ಚಿತ್ರದಲ್ಲಿಯೂ ನೀರು ಕಪ್ಪಾಗಿಯೇ ಕಾಣುವುದು. 2012ರ ರಿಸ್ಯಾಟ್-1, 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ಭಾರತ ಮತ್ತು ಅಮೆರಿಕಗಳ ಜಂಟಿ ಉಪಗ್ರಹ ನಿಸಾರ್, ಇವೆರಡೂ ಈ ಜಾತಿಯವು.

ನೀರಿನ ಅಂಚು ತಿಳಿದರೆ ಎಂಜಿನಿಯರನಿಗೆ ಎಷ್ಟು ದೊಡ್ಡ ಉಪಕಾರವೆಂಬುದಕ್ಕೆ ತುಂಗಭದ್ರಾ ಜಲಾಶಯದ ಉದಾಹರಣೆ ಸಾಕು. 1953ರಲ್ಲಿ ನೀರು ನಿಲ್ಲಿಸಿದಾಗ ಅದರ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಇತ್ತು. 2016ರ ಸಮೀಕ್ಷೆಯ ಲೆಕ್ಕ 105.788 ಟಿ.ಎಂ.ಸಿ. ನಡುವಣ ಸುಮಾರು 27 ಟಿ.ಎಂ.ಸಿ. ಜಾಗವನ್ನು ಆಕ್ರಮಿಸಿದ್ದು ಹೂಳು. ಇಂಥ ಹೂಳನ್ನು ಅಳೆಯಲು ಹಿಂದೆ ದೋಣಿಯಲ್ಲಿ ಕುಳಿತು ಜಲಾಶಯದುದ್ದಕ್ಕೂ ಆಳ ನೋಡುತ್ತ ಹೋಗಬೇಕಾಗಿತ್ತು. ತಿಂಗಳುಗಟ್ಟಲೆಯ ಕೆಲಸ, ಖರ್ಚೂ ಹೆಚ್ಚು. ಉಪಗ್ರಹದ ಮಾರ್ಗ ಬೇರೆ. ತುಂಬಿದ ಜಲಾಶಯ ಬೇಸಗೆಯತ್ತ ಇಳಿಯುತ್ತ ಹೋಗುವಾಗ ಬೇರೆಬೇರೆ ದಿನಗಳ ಚಿತ್ರಗಳನ್ನು ತೆಗೆದುಕೊಂಡು, ಪ್ರತಿ ಚಿತ್ರದಲ್ಲಿಯೂ ಕಪ್ಪು ಹರವಿನ ವಿಸ್ತೀರ್ಣವನ್ನು ಅಳೆಯುತ್ತಾರೆ. ಆಯಾ ದಿನದ ನೀರಿನ ಮಟ್ಟ ಅಣೆಕಟ್ಟಿನ ದಾಖಲೆಯಲ್ಲಿ ಇದ್ದೇ ಇರುತ್ತದೆ. ಎರಡು ಮಟ್ಟಗಳ ನಡುವಣ ನೀರಿನ ಗಾತ್ರವನ್ನು ಶಾಲೆಯಲ್ಲಿ ಕಲಿತ ಸೂತ್ರದಿಂದಲೇ ತೆಗೆಯಬಹುದು: ಮೇಲಿನ ವಿಸ್ತೀರ್ಣ, ಕೆಳಗಿನ ವಿಸ್ತೀರ್ಣ, ಇವೆರಡರ ಗುಣಲಬ್ಧದ ವರ್ಗಮೂಲ, ಈ ಮೂರನ್ನೂ ಕೂಡಿ, ಮಟ್ಟಗಳ ಅಂತರದಿಂದ ಗುಣಿಸಿ, ಮೂರರಿಂದ ಭಾಗಿಸುವುದು.

ತಿಳಿಯುವುದಕ್ಕಾಗಿ ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ದಿನ ಹರವು 121 ಚದರ ಕಿ.ಮೀ., ನೀರು 2 ಮೀಟರ್ ಇಳಿದ ಮೇಲೆ 100 ಚದರ ಕಿ.ಮೀ. ಎಂದಿಟ್ಟುಕೊಳ್ಳೋಣ. ಗುಣಲಬ್ಧದ ವರ್ಗಮೂಲ 110. ಮೂರರ ಮೊತ್ತ 331. ಎರಡರಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಸುಮಾರು 220.7, ಅಂದರೆ 22 ಕೋಟಿ ಘನ ಮೀಟರಿಗೆ ಸ್ವಲ್ಪ ಹೆಚ್ಚು, ಅಥವಾ 7.8 ಟಿ.ಎಂ.ಸಿ. ಅಣೆಕಟ್ಟು ಕಟ್ಟಿದ ಕಾಲದಲ್ಲಿ ಅದೇ ಎರಡು ಮಟ್ಟಗಳ ನಡುವೆ 9 ಟಿ.ಎಂ.ಸಿ. ಹಿಡಿಯುತ್ತಿದ್ದರೆ ಉಳಿದ 1.2 ಟಿ.ಎಂ.ಸಿ. ಹೂಳಿನ ಪಾಲು. ಈ ಕ್ರಮಕ್ಕೆ ಒಂದು ಮಿತಿಯೂ ಉಂಟು. ಜಲಾಶಯ ಬತ್ತಿದಾಗಿನ ಅತಿ ಕೆಳಗಿನ ಮಟ್ಟಕ್ಕಿಂತ ಕೆಳಗೆ ಏನಿದೆಯೆಂಬುದು ಉಪಗ್ರಹಕ್ಕೆ ಕಾಣದು; ಅಲ್ಲಿಗೆ ದೋಣಿಯೇ ಗತಿ.

ಪದರದ ಮೇಲೆ ಪದರ

ಈಗ ಜಿ.ಐ.ಎಸ್. ವಿಷಯ. ಪಾರದರ್ಶಕ ಹಾಳೆಗಳ ಮೇಲೆ ಒಂದೇ ಊರಿನ ನಾಲ್ಕಾರು ನಕ್ಷೆಗಳನ್ನು ಬರೆದು, ಮೂಲೆಗೆ ಮೂಲೆ ಹೊಂದಿಸಿ ಒಂದರ ಮೇಲೊಂದು ಇಟ್ಟಂತೆ ಭಾವಿಸಿಕೊಳ್ಳಿರಿ. ಒಂದರಲ್ಲಿ ನೆಲದ ಎತ್ತರ, ಒಂದರಲ್ಲಿ ಮಣ್ಣು, ಒಂದರಲ್ಲಿ ಕಟ್ಟಡ ಮತ್ತು ರಸ್ತೆ, ಇನ್ನೊಂದರಲ್ಲಿ ಚರಂಡಿ. ಹಾಳೆಗಳ ಸಂಖ್ಯೆ ಹೆಚ್ಚಿದಂತೆ ನಮ್ಮ ಕಣ್ಣು ಸೋಲುತ್ತದೆ, ಯಂತ್ರ ಸೋಲುವುದಿಲ್ಲ. ‘ಇಳಿಜಾರು ಇಷ್ಟಕ್ಕಿಂತ ಹೆಚ್ಚು, ಮಣ್ಣು ಸಡಿಲ, ರಸ್ತೆಗೆ ನೂರು ಮೀಟರಿನೊಳಗೆ ಇರುವ ಸ್ಥಳಗಳಾವುವು?’ ಎಂದು ಕೇಳಿದರೆ ಅವುಗಳನ್ನು ಮಾತ್ರ ಬಣ್ಣ ಹಚ್ಚಿ ತೋರಿಸುತ್ತದೆ. ಘಟ್ಟದ ರಸ್ತೆಗಳಲ್ಲಿ ಗುಡ್ಡ ಕುಸಿಯಬಹುದಾದ ತಾಣಗಳನ್ನು ಗುರುತಿಸುವುದು ಹೀಗೆಯೇ.

ನೀರಿನ ದಾರಿಯನ್ನು ಕಂಡುಹಿಡಿಯುವ ಯುಕ್ತಿ ಸರಳವಾದುದು. ಎತ್ತರದ ಪದರವನ್ನು ಸಣ್ಣ ಚೌಕಗಳಾಗಿ ವಿಭಾಗಿಸಲಾಗಿದೆ. ಪ್ರತಿ ಚೌಕಕ್ಕೂ ಎಂಟು ನೆರೆಯವರು. ಆ ಎಂಟರಲ್ಲಿ ಯಾವುದರ ಕಡೆಗೆ ಇಳಿಜಾರು ಅತ್ಯಂತ ಕಡಿದೋ ನೀರು ಅತ್ತ ಹರಿಯುವುದೆಂದು ಯಂತ್ರ ಗುರುತು ಹಾಕಿಕೊಳ್ಳುತ್ತದೆ. ಬಳಿಕ ಪ್ರತಿ ಚೌಕಕ್ಕೆ ಮೇಲಿನ ಎಷ್ಟು ಚೌಕಗಳ ನೀರು ಬಂದು ಸೇರುತ್ತದೆಂದು ಎಣಿಸುತ್ತದೆ. ಎಣಿಕೆ ಹೆಚ್ಚಿದ ಚೌಕಗಳನ್ನಷ್ಟೇ ಉಳಿಸಿದರೆ ಹಳ್ಳಕೊಳ್ಳಗಳ ಜಾಲ ತಾನಾಗಿ ಮೂಡುತ್ತದೆ. ಆ ಜಾಲವನ್ನು ಸುತ್ತುವರಿದ ದಿಣ್ಣೆಯೇ ಜಲಾನಯನ ಪ್ರದೇಶದ ಎಲ್ಲೆ. ಊರು ಬೆಳೆದು ಹಳ್ಳ ಮುಚ್ಚಿಹೋಗಿದ್ದರೂ ನೆಲದ ಓಟ ಉಳಿದಿದ್ದರೆ ಹಳ್ಳ ಈ ನಕ್ಷೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಇನ್ನು ಎಷ್ಟು ನೀರು ಬಂದೀತು? ಇದಕ್ಕೆ ನಮ್ಮ ವೃತ್ತಿಯವರು ಬಳಸುವ ಹಳೆಯ ಸೂತ್ರವೊಂದಿದೆ: ಹರಿವಿನ ಗುಣಾಂಕ, ಗಂಟೆಗೆ ಮಿಲಿಮೀಟರುಗಳಲ್ಲಿ ಮಳೆಯ ರಭಸ, ಹೆಕ್ಟೇರುಗಳಲ್ಲಿ ವಿಸ್ತೀರ್ಣ, ಇವುಗಳ ಗುಣಲಬ್ಧವನ್ನು 360ರಿಂದ ಭಾಗಿಸಿದರೆ ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂಬ ಉತ್ತರ ಬರುವುದು. 100 ಹೆಕ್ಟೇರ್ ತೋಟವಿದ್ದ ಜಾಗದಲ್ಲಿ ಗಂಟೆಗೆ 50 ಮಿ.ಮೀ. ಮಳೆ ಬಿದ್ದಿತೆನ್ನಿ. ತೋಟದ ಗುಣಾಂಕ 0.3 ಎಂದು ಹಿಡಿದರೆ ಹರಿವು 4.2 ಘನ ಮೀಟರ್. ಅದೇ ಜಾಗವನ್ನು ಕಾಂಕ್ರೀಟಿನಿಂದ ಮುಚ್ಚಿದಾಗ ಗುಣಾಂಕ 0.9 ಆಗಿ, ಹರಿವು 12.5 ಘನ ಮೀಟರಿಗೆ ಏರುತ್ತದೆ. ಮಳೆ ಹೆಚ್ಚಾಗಿಲ್ಲ, ಚರಂಡಿ ಕಿರಿದಾಗಿಲ್ಲ, ಆದರೂ ನೀರು ಮೂರು ಪಟ್ಟು. ‘ಹಿಂದೆಲ್ಲ ಇಲ್ಲಿ ನೀರು ನಿಲ್ಲುತ್ತಿರಲಿಲ್ಲ’ ಎಂದು ಹಳೆಯ ನಿವಾಸಿಗಳು ಹೇಳುವುದು ಸುಳ್ಳಲ್ಲ. ಎಷ್ಟು ನೆಲ ಯಾವ ವರ್ಷ ಕಾಂಕ್ರೀಟಾಯಿತೆಂಬುದನ್ನು ಹಳೆಯ ಮತ್ತು ಹೊಸ ಉಪಗ್ರಹ ಚಿತ್ರಗಳನ್ನು ಹೋಲಿಸಿ ಎಂಜಿನಿಯರನು ಗುಣಾಂಕವನ್ನು ಆಗಿಂದಾಗ್ಗೆ ತಿದ್ದಿಕೊಳ್ಳಬಹುದು. ಎಷ್ಟು ನಗರಗಳಲ್ಲಿ ಹಾಗೆ ತಿದ್ದಿಕೊಳ್ಳುತ್ತಾರೆಂಬುದು ಬೇರೆ ಪ್ರಶ್ನೆ.

ಮೂಸಿ ಮತ್ತು ಮಿಥಿ

ಜಲಾನಯನವನ್ನು ಇಡಿಯಾಗಿ ನೋಡಬೇಕೆಂಬ ವಿಚಾರ ಗಣಕಯಂತ್ರದಿಂದ ಹುಟ್ಟಿದ್ದಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದು ನಗರದಲ್ಲಿ ಸಾವಿರಾರು ಮಂದಿ ಮೃತರಾದರು. ಮರುವರ್ಷ ನಿಜಾಮ ಸರಕಾರದ ಕರೆಯ ಮೇರೆಗೆ ಬಂದ ಸರ್ ಎಂ. ವಿಶ್ವೇಶ್ವರಯ್ಯನವರು ನಗರದೊಳಗಿನ ನದಿಯ ದಂಡೆಯನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಮಳೆಯ ಅಂಕಿಗಳನ್ನು ಕೂಡಿಸಿದರು. ಮೇಲ್ಭಾಗದ ಸುಮಾರು ಎಂಟು ನೂರು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದು ನೆರೆಯನ್ನು ಹೆಚ್ಚಿಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡರು. ನಗರವನ್ನು ಉಳಿಸಬೇಕಾದರೆ ನೀರನ್ನು ನಗರಕ್ಕಿಂತ ಮೇಲೆಯೇ ತಡೆಯಬೇಕೆಂದು ತೀರ್ಮಾನಿಸಿದರು. ಆ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಇಂದಿನ ಎಂಜಿನಿಯರನು ಒಂದು ಮಧ್ಯಾಹ್ನದಲ್ಲಿ ಪಡೆಯುವ ಪದರಗಳನ್ನು ಅವರು ನಡೆದು, ಕೇಳಿ, ಎಣಿಸಿ ಪಡೆದರು. ಅದೇ ಹೈದರಾಬಾದಿನ ಬಾಲಾನಗರದಲ್ಲಿ ಇಂದು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರವಿದೆ. 2020ರ ಅಕ್ಟೋಬರ್ ತಿಂಗಳಲ್ಲಿ ಅದೇ ನಗರ ಮತ್ತೆ ಮುಳುಗಿತು ಎಂಬುದನ್ನೂ ಹೇಳಬೇಕು. ನಕ್ಷೆ ಇದ್ದರೆ ಸಾಲದು. ನಕ್ಷೆಯಲ್ಲಿ ಕೆರೆಯೆಂದು ಬರೆದುದನ್ನು ಕೆರೆಯಾಗಿ ಉಳಿಸಬೇಕು.

ಮುಂಬಯಿಯ ಕನ್ನಡಿಗರಿಗೆ 2005ರ ಜುಲೈ 26ನ್ನು ನೆನಪಿಸಬೇಕಾಗಿಲ್ಲ. 24 ಗಂಟೆಗಳಲ್ಲಿ ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಮಾತ್ರ. ನಗರದ ಮಳೆ ಎಂದರೆ ಒಂದೇ ಅಂಕಿಯೆಂದು ತಿಳಿದಿದ್ದವರಿಗೆ ಇದು ದೊಡ್ಡ ಪಾಠ. ಮಳೆಮಾಪಕಗಳನ್ನು ನಗರದಾದ್ಯಂತ ಹರಡಿ ಇರಿಸಿದ್ದು ಆ ಮೇಲೆ. ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿನೀರಿನಿಂದ ಹುಟ್ಟಿ, ಸುಮಾರು 18 ಕಿ.ಮೀ. ಹರಿದು ಮಾಹಿಮ್ ಖಾಡಿಯನ್ನು ಸೇರುವ ಮಿಥಿ ನದಿಯ ಜಲಾನಯನ 70 ಚದರ ಕಿ.ಮೀ.ಗೂ ಹೆಚ್ಚು. ಸಾಂತಾಕ್ರೂಜಿನಷ್ಟೇ ಮಳೆ ಅಷ್ಟರ ಮೇಲೂ ಬಿದ್ದಿದೆಯೆಂದು ಎಣಿಸಿದರೆ ಆ ದಿನದ ನೀರು 6.6 ಕೋಟಿ ಘನ ಮೀಟರ್ ಆಗುತ್ತದೆ, ಎರಡು ಟಿ.ಎಂ.ಸಿ.ಯನ್ನು ಮೀರುತ್ತದೆ. ಅದು ಹೋಗಬೇಕಾದ ದಾರಿಯಾದರೋ ವಿಮಾನ ನಿಲ್ದಾಣದ ಬಳಿ ತಿರುಚಿಕೊಂಡು, ಮುಂದೆ ಬಾಂದ್ರಾ ಕುರ್ಲಾ ಸಂಕೀರ್ಣಕ್ಕಾಗಿ ಜೌಗನ್ನು ತುಂಬಿಸಿದಲ್ಲಿ ಇಕ್ಕಟ್ಟಾಗಿತ್ತು. ಆ ಮಧ್ಯಾಹ್ನ ಸಮುದ್ರದಲ್ಲಿ ಸುಮಾರು ನಾಲ್ಕೂವರೆ ಮೀಟರಿನ ಭರತ. ನಗರದ ಹಳೆಯ ಮಳೆನೀರು ಚರಂಡಿಗಳನ್ನು ಗಂಟೆಗೆ 25 ಮಿ.ಮೀ. ಮಳೆಗೆ, ಅದೂ ಇಳಿತದ ವೇಳೆಗೆ, ಎಣಿಸಿ ಕಟ್ಟಲಾಗಿತ್ತು. ಇದನ್ನು 50 ಮಿ.ಮೀ.ಗೆ ಹೆಚ್ಚಿಸಬೇಕೆಂಬ ವರದಿ 1993ರಲ್ಲಿಯೇ ಸಿದ್ಧವಾಗಿತ್ತು.

ಎತ್ತರ, ಕಟ್ಟಡ, ಚರಂಡಿ, ಭರತ, ಮಳೆಯ ಮುನ್ಸೂಚನೆ, ಈ ಪದರಗಳನ್ನು ಒಟ್ಟುಗೂಡಿಸಿ ಯಾವ ವಾರ್ಡಿನಲ್ಲಿ ಎಷ್ಟು ನೀರು ನಿಲ್ಲಬಹುದೆಂದು ಮುಂಚಿತವಾಗಿ ಹೇಳುವ ಐ-ಫ್ಲೋಸ್ ಎಂಬ ವ್ಯವಸ್ಥೆಯನ್ನು ಮುಂಬಯಿಗಾಗಿ 2020ರ ಜೂನ್ ತಿಂಗಳಲ್ಲಿ ಆರಂಭಿಸಲಾಯಿತು.

ನೀರು ಇಳಿದ ಮೇಲೆ ವೈದ್ಯರ ಕೆಲಸ ಮೊದಲಾಗುತ್ತದೆ. 2005ರ ನೆರೆಯ ಬೆನ್ನಿಗೇ ಮುಂಬಯಿಯಲ್ಲಿ ಇಲಿಜ್ವರವೆನ್ನಿಸಿಕೊಳ್ಳುವ ಲೆಪ್ಟೊಸ್ಪೈರೋಸಿಸ್ ಹರಡಿತು. ಇಲಿಯ ಮೂತ್ರ ಬೆರೆತ ನೀರಿನಲ್ಲಿ ನಡೆದವರಿಗೆ ಕಾಲಿನ ಸಣ್ಣ ಗಾಯವೇ ರೋಗದ ಬಾಗಿಲು. ರೋಗಿಗಳ ವಿಳಾಸಗಳನ್ನು ನೀರು ನಿಂತ ಪ್ರದೇಶಗಳ ನಕ್ಷೆಯ ಮೇಲೆ ಗುರುತಿಸಿದರೆ ಔಷಧಿಯನ್ನು ಎಲ್ಲಿಗೆ ಮೊದಲು ಕಳುಹಿಸಬೇಕೆಂಬುದು ಆರೋಗ್ಯಾಧಿಕಾರಿಗೆ ತಿಳಿಯುತ್ತದೆ. ಇದೂ ಜಿ.ಐ.ಎಸ್. ಕೆಲಸವೇ. ಹೆಸರು ಹುಟ್ಟುವುದಕ್ಕೆ ನೂರು ವರ್ಷ ಮೊದಲು, 1854ರಲ್ಲಿ, ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾ ಸಾವುಗಳನ್ನು ಬೀದಿಗಳ ನಕ್ಷೆಯ ಮೇಲೆ ಗುರುತಿಸಿ, ಅವು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿರುವುದನ್ನು ತೋರಿಸಿದ್ದನು.

ಯಂತ್ರಕ್ಕೆ ಕಾಣದ್ದು

ಉಪಗ್ರಹದ ಚಿತ್ರವೆಂದೊಡನೆ ಅದನ್ನು ಪ್ರಶ್ನಿಸಬಾರದೆಂಬ ಭಾವನೆ ಈಚೆಗೆ ಕೆಲವು ಕಚೇರಿಗಳಲ್ಲಿ ಬೆಳೆದಿದೆ. ಅದು ಅಪಾಯಕರ. ಉಚಿತವಾಗಿ ಸಿಗುವ ಎತ್ತರದ ಮಾಹಿತಿಯಲ್ಲಿ ಹಲವು ಮೀಟರುಗಳ ವ್ಯತ್ಯಾಸ ಇರಬಹುದು. ನಗರದಲ್ಲಿ ಅದು ನೆಲವನ್ನು ಬಿಟ್ಟು ಮಾಳಿಗೆಯ ಎತ್ತರವನ್ನೂ ಮರದ ನೆತ್ತಿಯನ್ನೂ ಹೇಳುತ್ತಿರುತ್ತದೆ. ಬೆಟ್ಟದ ಸೀಮೆಯಲ್ಲಿ ಇಷ್ಟು ವ್ಯತ್ಯಾಸ ನಡೆದೀತು. ನೂರು ಮೀಟರಿಗೆ ಒಂದು ಗೇಣು ಇಳಿಜಾರಿನ ಚರಂಡಿಗೆ ನಡೆಯದು. ಅಲ್ಲಿ ವಿಮಾನದಿಂದ ಲೇಸರ್ ಕಿರಣ ಬಿಟ್ಟು ಅಳೆಯಬೇಕು, ಇಲ್ಲವೆ ಹಿಂದಿನಂತೆ ಲೆವೆಲ್ ಯಂತ್ರ ಹಿಡಿದು ಬೀದಿ ಬೀದಿ ತಿರುಗಬೇಕು. ರೇಡಾರಿಗೂ ನಗರವೆಂದರೆ ಕಷ್ಟ. ಗೋಡೆಯಿಂದ ಗೋಡೆಗೆ ಪುಟಿದು ಬರುವ ಅಲೆಗಳ ಗದ್ದಲದಲ್ಲಿ ಓಣಿಯ ನೀರು ಮರೆಯಾಗುತ್ತದೆ. ಮುಚ್ಚಿದ ಚರಂಡಿಯೊಳಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳು ಯಾವ ಉಪಗ್ರಹಕ್ಕೂ ಕಾಣವು.

ಸಾಮಾನ್ಯ ಗೃಹಸ್ಥರೂ ಈ ವಿದ್ಯೆಯನ್ನು ಒಂದಿಷ್ಟು ಬಳಸಿಕೊಳ್ಳಬಹುದು. ಮನೆ ಕೊಳ್ಳುವ ಮುನ್ನ ಇಸ್ರೋದವರು 2009ರಲ್ಲಿ ತೆರೆದ ‘ಭುವನ್’ ನಕ್ಷೆಯಲ್ಲಿ ಆ ಸ್ಥಳವನ್ನು ನೋಡಿರಿ. ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳನ್ನು ಹಿಂದಕ್ಕೆ ತಿರುಗಿಸಿ ನೋಡುವ ಸೌಲಭ್ಯವಿದೆ. ಇಪ್ಪತ್ತು ವರ್ಷಗಳ ಹಿಂದಿನ ಚಿತ್ರದಲ್ಲಿ ಅಲ್ಲಿ ಜೌಗು ಕಂಡರೆ, ಅದು ಯಾರ ಅಪ್ಪಣೆಯಿಂದ ಒಣಗಿತೆಂದು ಕೇಳುವ ಹಕ್ಕು ನಿಮಗಿದೆ. ಚೆನ್ನೈಯ ಪಳ್ಳಿಕ್ಕರಣೆಯ ಜೌಗು ಭೂಮಿ ಹೇಗೆ ಕುಗ್ಗುತ್ತ ಬಂತೆಂಬುದನ್ನು ಈ ಚಿತ್ರಗಳಲ್ಲಿ ಯಾರು ಬೇಕಾದರೂ ಕಾಣಬಹುದು. 2015ರ ಡಿಸೆಂಬರ್ ತಿಂಗಳ ಮೊದಲ ದಿನಗಳಲ್ಲಿ ಆ ನಗರದ ದಕ್ಷಿಣ ಭಾಗದ ಮನೆಗಳಿಗೆ ನೀರು ನುಗ್ಗಿದುದನ್ನು ಅದರೊಡನೆ ಇಟ್ಟು ನೋಡಬೇಕು.

ಗಣಕಯಂತ್ರದ ಗೊಡವೆ ಬೇಡವೆನ್ನುವವರಿಗೆ ಊರಿನ ಹೆಸರೇ ಒಂದು ನಕ್ಷೆ. ಮುಂಬಯಿಯ ಧೋಬಿ ತಲಾವ್, ಹೈದರಾಬಾದಿನ ಮಾಸಾಬ್ ಟ್ಯಾಂಕ್ ಮತ್ತು ನಲ್ಲಕುಂಟ, ಚೆನ್ನೈಯ ನುಂಗಂಬಾಕ್ಕಮಿನ ಲೇಕ್ ಏರಿಯಾ, ಇವೆಲ್ಲ ಹೋದ ನೀರಿನ ಗುರುತುಗಳು. ನಮ್ಮ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಸ್ಥಳ ನೋಡಲು ದಲ್ಲಾಳಿಯೊಡನೆ ಜನವರಿಯಲ್ಲಿ ಹೋದರೆ ನೆಲ ಎಲ್ಲೆಡೆಯೂ ಒಣಗಿಯೇ ಇರುತ್ತದೆ. ಜುಲೈ ತಿಂಗಳಲ್ಲಿ, ಜೋರು ಮಳೆ ನಿಂತ ಒಂದು ಗಂಟೆಯೊಳಗೆ, ಒಬ್ಬರೇ ಹೋಗಿ ನೋಡಿರಿ. ಎದುರಿನ ಕಟ್ಟಡದ ಹಳೆಯ ಕಾವಲುಗಾರನನ್ನು ಮಾತಾಡಿಸಿ, ಹಿಂದಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ಕೇಳಿದರೆ ಅವನು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾನೆ. ಆ ಗುರುತಿನ ಎತ್ತರವನ್ನು ಅಳೆದು ಬರೆದಿಟ್ಟುಕೊಂಡು, ನೀವು ಕೊಳ್ಳುವ ಮನೆಯ ನೆಲಮಟ್ಟವೂ ವಿದ್ಯುತ್ ಮೀಟರುಗಳ ಪೆಟ್ಟಿಗೆಯೂ ಕುಡಿಯುವ ನೀರಿನ ತೊಟ್ಟಿಯ ಬಾಯಿಯೂ ಅದಕ್ಕಿಂತ ಮೇಲಿವೆಯೇ ಎಂದು ನೋಡಿಕೊಳ್ಳಿರಿ.